ನಾಲ್ಕು ಜೀಪು, ಒಂದು ಸೋಮವಾರ

ಹಳೆಯ ಜೀಪು ಇಟ್ಟುಕೊಂಡವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ರಸ್ತೆಯ ಬದಿಗೆ ಕಾಯುತ್ತಿರುತ್ತವೆ. ಜೀಪು ತಾನಾಗಿಯೇ ಅವುಗಳ ಮುಂದೆ ಹೋಗಿ ನಿಲ್ಲುತ್ತದೆ. ಬೇರೆಲ್ಲೂ ಹಿಡಿಯದ ಬ್ರೇಕು ಅಲ್ಲಿ ಮಾತ್ರ ಹಿಡಿಯುತ್ತದೆ.

೧. ಸಂಘ ಹುಟ್ಟಿದ್ದು

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವಿನಲ್ಲಿ ಕೂಗಿ ಮಾರಿದ ಜೀಪುಗಳು ಕೈಯಿಂದ ಕೈಗೆ ದಾಟುತ್ತ ನಮ್ಮ ಸೀಮೆಗೆ ನಾಲ್ಕು ಬಂದು ಸೇರಿದ್ದವು. ಶಿಗ್ಗಾಂವಿಯದು ನನ್ನದು. ಸವಣೂರಿನದು ವೀಳ್ಯದೆಲೆ ವ್ಯಾಪಾರಿಯದು. ಹಾನಗಲ್ಲಿನದು ಅಕ್ಕಿ ಗಿರಣಿಯ ಮಾಲಕರದು. ಹಿರೇಕೆರೂರಿನದು ಅಲ್ಲಿಯ ಡಾಕ್ಟರದು. ನಾಲ್ವರೂ ಸೇರಿ ಒಂದು ಜೀಪು ಸಂಘ ಮಾಡಿದೆವು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ನಾಲ್ವರೂ ಅವಿರೋಧವಾಗಿ ಆಯ್ಕೆಯಾದೆವು. ಬರೀ ಸದಸ್ಯರು ಯಾರೂ ಉಳಿಯದ್ದರಿಂದ ಸಂಘದಲ್ಲಿ ಭಿನ್ನಮತ ಹುಟ್ಟಲಿಲ್ಲ.

ಕುಮಟೆಗೆ ಹೋಗಿ ಸಮುದ್ರ ನೋಡುವುದೆಂದು ಮೊದಲ ಠರಾವು ಪಾಸಾಯಿತು. "ತಿರುಗಿ ಬರುವುದು" ಎಂಬ ಮಾತನ್ನು ಡಾಕ್ಟರು ಹಟ ಹಿಡಿದು ಸೇರಿಸಿದರು.

ನನ್ನ ತೊಡಕು ಬೇರೆ ಇತ್ತು. ಆ ವರ್ಷ ನನ್ನ ಜೀಪು ಮೂರು ಸಲ ದಾರಿಯಲ್ಲಿ ಕೆಟ್ಟು, ಎತ್ತುಗಳ ಹಿಂದೆ ಮನೆಗೆ ಬಂದಿತ್ತು. ಎತ್ತು ನಮ್ಮ ಅಣ್ಣನವು. ಮನೆಯ ಯಜಮಾನನೂ ಅವನೇ. ಠರಾವು ಕೇಳಿ ಅವನು ಇಷ್ಟೇ ಅಂದ:

"ಹೋಗಿ ಬಾ. ನಾಲ್ಕನೇ ಸಲ ಎತ್ತಿನ ಹಿಂದ ಬಂತಂದ್ರ ಎಂಜಿನ್ ಕಿತ್ತು ಬಾವಿ ಪಂಪಿಗೆ ಕೂಡಸ್ತೇನಿ. ಉಳಿದದ್ದರಾಗ ಕೋಳಿ ಕುಂತಾವು."

ಅಣ್ಣ ಹೇಳಿದ್ದನ್ನು ಮಾಡದೆ ಬಿಟ್ಟ ದಾಖಲೆ ಇಲ್ಲ. ನಾನು ಈ ಸಂಗತಿಯನ್ನು ಸಂಘದ ಮುಂದಿಟ್ಟೆ. ಎಲೆ ವ್ಯಾಪಾರಿ ಬಾಯಲ್ಲಿದ್ದ ಎಲೆಯನ್ನು ಈಚೆಯ ದವಡೆಯಿಂದ ಆಚೆಯ ದವಡೆಗೆ ಸಾಗಿಸಿ ಯೋಚಿಸಿದ.

"ಸೋಮವಾರ ತಿರುಗಿ ಬರೂಣ್ರಿ."

"ಯಾಕ?"

"ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಜೀಪ್ ಎಲ್ಲಿ ಕೆಟ್ಟು ನಿಂತರೂ ಎತ್ತಂತೂ ಎಳ್ಯಾಂಗಿಲ್ಲ. ಎತ್ತ ಎಳೀಲಿಲ್ಲಂದ್ರ ನಿಮ್ಮ ಅಣ್ಣಾರ ಮಾತ ಹೆಂಗ ಲಾಗೂ ಆಕ್ಕೈತಿ?"

ಎಲೆ ಮಾರುತ್ತ ಕುಳಿತವರಲ್ಲಿ ಎಂತೆಂಥ ವಕೀಲರು ವ್ಯರ್ಥವಾಗುತ್ತಿದ್ದಾರೆ ಎಂಬುದು ನನಗೆ ಅಂದು ತಿಳಿಯಿತು.

೨. ಅರಿಷಿಣ

ಗುರುವಾರ ಮುಂಜಾನೆ ಎಲ್ಲರೂ ನಮ್ಮ ಮನೆಯ ಮುಂದೆ ಸೇರಿದರು. ಅವ್ವ ಆರತಿ ತಂದಳು. ಆಗ ಸವಣೂರಿನ ಜೀಪಿನ ರೇಡಿಯೇಟರಿನಿಂದ ನೀರು ಸೋರುತ್ತಿರುವುದು ಕಂಡಿತು. ವ್ಯಾಪಾರಿ ಎಲೆಯ ಪೆಂಡಿಗೆ ನೀರು ಚಿಮುಕಿಸಿದಂತೆ ಅದಕ್ಕೂ ಚಿಮುಕಿಸುತ್ತ ಬಂದಿದ್ದನಂತೆ.

ಅವ್ವ ಬಗ್ಗಿ ನೋಡಿ ಒಳಗೆ ಹೋಗಿ ಒಂದು ಬಟ್ಟಲು ಅರಿಷಿಣ ಪುಡಿ ತಂದಳು. "ಕೈ ಕೊಯ್ಕೊಂಡ್ರ ಇದನ್ನ ಹಚ್ತೀವಲ್ಲ, ಇದರ ಹೊಟ್ಟ್ಯಾಗೂ ಹಾಕ್ರಿ."

ಡಾಕ್ಟರು ವಿದ್ಯಾವಂತರು. "ಅವ್ವಾರ, ಇದು ತಾಮ್ರ ಹಿತ್ತಾಳಿದೈತ್ರಿ" ಎಂದರು.

"ಇರಲಿ ಬಿಡ್ರಿ ಡಾಕ್ಟರ. ನೋವು ಎಲ್ಲಾರಿಗೂ ಒಂದ."

ಪುಡಿ ಸುರಿದೆವು. ಅರ್ಧ ತಾಸಿನಲ್ಲಿ ಸೋರುವುದು ನಿಂತಿತು. ಡಾಕ್ಟರು ಎರಡು ಸಲ ಬೆರಳಾಡಿಸಿ ನೋಡಿ, ಆ ಮೇಲೆ ದಾರಿಯುದ್ದಕ್ಕೂ ಔಷಧದ ವಿಷಯ ಮಾತಾಡಲಿಲ್ಲ.

ಹಾನಗಲ್ಲು ತಲುಪುವಾಗ ಆ ಜೀಪು ಕುದಿಯುತ್ತಿತ್ತು. ಗಿರಣಿ ಮಾಲಕರ ಮನೆಯ ಮುಂದೆ ನಿಲ್ಲಿಸಿದಾಗ ಹಳದಿ ಹಬೆ ಎದ್ದು, ಓಣಿಯೆಲ್ಲ ಅಡುಗೆಮನೆಯ ವಾಸನೆ. ಮಾಲಕರ ಮನೆಯವರು ಒಲೆಯ ಮೇಲಿನದು ಉಕ್ಕಿತೆಂದು ಒಳಗೆ ಓಡಿದರು. ಅಲ್ಲಿ ಏನೂ ಉಕ್ಕಿರಲಿಲ್ಲ. ಹೊರಗೆ ಬಂದು, "ಏನ ಮಾಡಾಕತ್ತೀರಿ?" ಎಂದು ಕೇಳಿದರು.

ಎಲೆ ವ್ಯಾಪಾರಿ ಮುಚ್ಚಳ ತೆರೆಯುತ್ತ ಅಂದ: "ಬ್ಯಾಳಿ ಬೆಂದಾವ್ರಿ ಅಕ್ಕಾರ. ಒಗ್ಗರಣಿ ಒಂದ ಬಾಕಿ."

೩. ದೂಡುವವರು

ಗಿರಣಿ ಮಾಲಕರಿಗೆ ಹಾನಗಲ್ಲ ತಾಲೂಕಿನ ಪ್ರತಿ ಊರಲ್ಲೂ ಬೀಗರು. ಬೀಗರ ಊರಲ್ಲಿ ಏನೂ ತಿನ್ನದೆ ಮುಂದೆ ಹೋದರೆ ಅದು ಎರಡು ತಲೆಮಾರಿನ ಜಗಳ. ಆರು ಮೈಲಿಯಲ್ಲಿ ಮೂರು ಸಲ ಉಪ್ಪಿಟ್ಟು ತಿಂದೆವು. ನಾಲ್ಕನೆಯ ಊರು ಬರುವ ಮೊದಲು ಡಾಕ್ಟರು ಉಪಾಯ ಹೇಳಿದರು: ಜೀಪು ಒಮ್ಮೆ ನಿಂತರೆ ತಿರುಗಿ ಚಾಲೂ ಆಗುವುದಿಲ್ಲ ಎಂದು ಕೂಗಿ ಹೇಳಿ ದಾಟಿಬಿಡುವುದು.

ಊರ ಮುಂದೆ ಬೀಗರು ನಿಂತಿದ್ದರು. ಮುಂದಿದ್ದ ನಾನು ನಿಧಾನ ಮಾಡಿ ಕೂಗಿದೆ: "ನಿಲ್ಲಿಸಾಕ ಬರಾಂಗಿಲ್ರಿ. ನಿಂತರ ದೂಡಬೇಕಾಕ್ಕೈತಿ."

"ನಿಲ್ಲಸ್ರಿ, ನಿಲ್ಲಸ್ರಿ" ಎಂದು ಬೀಗರು ನಡುರಸ್ತೆಗೆ ಬಂದರು. "ನಿಮ್ಮ ಜೀಪಿನ ಸುದ್ದಿ ಗೊತ್ತೈತಿ. ದೂಡಾಕ ಇಪ್ಪತ್ತ ಮಂದಿ ಕರಕೊಂಡ ಬಂದೇನಿ."

ಬೇಲಿಯ ನೆರಳಿನಲ್ಲಿ ಇಪ್ಪತ್ತು ಜನ ಎದ್ದು ನಿಂತರು. ನಾವು ಇಳಿದು ಉಪ್ಪಿಟ್ಟು ತಿಂದೆವು. ದೂಡುವವರೂ ತಿಂದರು, ಅವರೇ ಹೆಚ್ಚು ತಿಂದರು. ಬಳಿಕ ಹೋಗಿ ಸ್ಟಾರ್ಟರಿನ ಗುಂಡಿ ಒತ್ತಿದರೆ, ಯಾವತ್ತೂ ಮೊದಲ ಸಲಕ್ಕೆ ಓಗೊಡದ ನನ್ನ ಜೀಪು ತಟ್ಟನೆ ಚಾಲೂ ಆಯಿತು.

ಬೀಗರ ಮುಖ ಇಳಿಯಿತು. "ಹಂಗಾರ ನಮ್ಮ ಮನಿಗೆ ಬರಬಾರದಂತ ಸುಳ್ಳ ಹೇಳಿದ್ರೇನು?"

ಬೀಗತನದ ಮಾನ ನನ್ನ ಕೈಯಲ್ಲಿತ್ತು. ಯಾರಿಗೂ ಕಾಣದಂತೆ ಎಂಜಿನ್ನು ಆರಿಸಿ, "ನೋಡ್ರಿ, ಆರಿತು" ಎಂದೆ. ಇಪ್ಪತ್ತು ಜನ ಸಂತೋಷದಿಂದ ಬಂದು, ಊರ ಗಡಿ ದಾಟುವವರೆಗೂ ದೂಡಿ ಕಳಿಸಿಕೊಟ್ಟರು.

೪. ಘಟ್ಟ

ಸಮುದ್ರದ ವಿಷಯ ಹೇಳುವುದು ಹೆಚ್ಚೇನಿಲ್ಲ. ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ಭಾನುವಾರ ತಿರುಗಿ ಘಟ್ಟ ಹತ್ತುವಾಗ ನನ್ನ ಜೀಪಿನ ಒಂದನೆಯ ಗೇರಿನ ಹಲ್ಲು ಮುರಿಯಿತು. ಎರಡನೆಯದಕ್ಕೆ ಏರು ಹತ್ತುವ ತಾಕತ್ತಿಲ್ಲ. ಉಳಿದ ಗಟ್ಟಿ ಗೇರು ಹಿಂದಕ್ಕೆ ಹೋಗುವುದೊಂದೇ. ಹೀಗಾಗಿ ಜೀಪನ್ನು ತಿರುಗಿಸಿ ನಿಲ್ಲಿಸಿ, ಘಟ್ಟವನ್ನೆಲ್ಲ ಹಿಮ್ಮುಖವಾಗಿ ಹತ್ತಿದೆ. ಸಮುದ್ರದ ದಿಕ್ಕಿಗೆ ಮುಖ ಮಾಡಿಯೇ ಅದರಿಂದ ದೂರವಾದ ಪ್ರವಾಸಿ ನಾನೊಬ್ಬನೇ ಇರಬೇಕು.

ಮೇಲೆ ಒಂದು ಗೇಟು. ಅಲ್ಲಿ ಬಂದುಹೋಗುವ ವಾಹನಗಳನ್ನು ಬರೆದುಕೊಳ್ಳುವ ಒಬ್ಬ ಗುಮಾಸ್ತ. ಅವನು ಜೀಪಿನ ಮೂತಿ ನೋಡಿದ, ಬೆನ್ನು ನೋಡಿದ.

"ನೀವು ಇಳೀತಾ ಇದ್ದೀರೋ, ಹತ್ತುತ್ತಾ ಇದ್ದೀರೋ?"

"ಹತ್ತಿ ಬಂದೇನ್ರಿ."

"ಮುಖ ಕೆಳಗೆ ಇದೆಯಲ್ಲ?"

"ಮುಖ ಹಂಗೈತ್ರಿ. ಮನಸ್ಸು ಮ್ಯಾಲೈತಿ."

ಅವನು ನಿಯಮದ ಮನುಷ್ಯ. ಮುಖ ಯಾವ ಕಡೆಗೋ ವಾಹನ ಆ ಕಡೆಗೆ ಎಂದು ಬರೆದುಕೊಂಡ. ಆ ಪುಸ್ತಕದ ಪ್ರಕಾರ ನನ್ನ ಜೀಪು ಅಂದು ಕುಮಟೆಗೆ ಇಳಿದದ್ದು ಇನ್ನೂ ಮೇಲೆ ಬಂದಿಲ್ಲ.

೫. ಸೋಮವಾರ

ಸಪಾಟು ರಸ್ತೆಯಲ್ಲಿ ಜೀಪು ಎರಡನೆಯ ಗೇರಿನಿಂದಲೇ ಹೊರಡುತ್ತಿತ್ತು. ಸೋಮವಾರ ಮಧ್ಯಾಹ್ನ ತಡಸದಲ್ಲಿ ಚಹಾ ಕುಡಿದು ಶಿಗ್ಗಾಂವಿಯ ಹಾದಿ ಹಿಡಿದೆವು. ಊರು ಎರಡು ಮೈಲಿ ಇರುವಾಗ ಹುಬ್ಬಳ್ಳಿಯಿಂದ ಬರುವ ಖಾಸಗಿ ಬಸ್ಸು ರಸ್ತೆಯಿಂದ ಜಾರಿ ಎರೆಮಣ್ಣಿನ ಹೊಲದಲ್ಲಿ ಮುಂಗಾಲಿ ಹೂತು ನಿಂತಿತ್ತು. ಹಿಂದಿನ ದಿನ ಮಳೆಯಾಗಿತ್ತು. ಜನ ಮರದ ಕೆಳಗೆ ಕುಳಿತಿದ್ದರು. ಕಂಡಕ್ಟರ ಎದುರಿಗೆ ಬಂದ.

"ಮೂರು ಮಂದಿ ರೈತರನ್ನ ಕೇಳಿದ್ನಿರಿ. 'ಬಸವಣ್ಣಗ ಇವತ್ತ ರಜಾ, ನಾಳೆ ಬರ್ರಿ' ಅಂತಾರ. ಒಳಗ ಒಬ್ಬರು ಹಿರ್ಯಾರು ಕುಂತಾರ, ಅವರ ಎತ್ತ ಊರಾಗ ಅದಾವಂತ. ಅವರೂ ಒಲ್ಲೆ ಅಂದ್ರು."

ಒಳಗೆ ಇಣುಕಿದೆ. ಎಲ್ಲರೂ ಇಳಿದರೂ ಇಳಿಯದೆ ಮುಂದಿನ ಸೀಟಿನಲ್ಲಿ ಅಣ್ಣ ಕುಳಿತಿದ್ದ. ತೊಡೆಯ ಮೇಲೆ ಹಾವಿನಂತೆ ಸುತ್ತಿದ ಹೊಸ ರಬ್ಬರಿನ ಪಟ್ಟಾ.

"ಅಣ್ಣಾ, ಇದೇನು?"

"ಪಟ್ಟಾ."

"ಯಾತಕ್ಕ?"

"ಬಾವಿ ಪಂಪಿಗೆ. ಎಂಜಿನ್ನಿಗೂ ಪಂಪಿಗೂ ನಡುವ ಹಾಕೂದು."

"ಎಂಜಿನ್ನ?"

ಅಣ್ಣ ಕಿಟಕಿಯಿಂದ ನನ್ನ ಜೀಪಿನ ಕಡೆಗೆ ನೋಡಿದ.

ಮೊದಲು ಗಿರಣಿ ಮಾಲಕರ ಜೀಪಿಗೆ ಹಗ್ಗ ಕಟ್ಟಿದೆವು. ಗಾಲಿ ಗಿರಗಿರ ತಿರುಗಿ ನಮ್ಮೆಲ್ಲರ ಮೇಲೆ ಕೆಸರು ಎರಚಿತು. ಸವಣೂರಿನದು ಹಳದಿ ಕಾರಿಕೊಂಡು ಕೈಬಿಟ್ಟಿತು. ಡಾಕ್ಟರದು ಕೆಮ್ಮಿ ಸುಮ್ಮನಾಯಿತು. ನನ್ನದೊಂದೇ ಉಳಿಯಿತು. ಮೂತಿಗೆ ಮೂತಿ ಹಚ್ಚಿ ಹಗ್ಗ ಬಿಗಿದು, ನಾಲ್ಕೂ ಗಾಲಿಗೆ ಜೋರು ಕೊಟ್ಟು, ಘಟ್ಟ ಹತ್ತಿಸಿದ ಅದೇ ಹಿಂದಿನ ಗೇರು ಹಾಕಿದೆ. ಮರದ ಕೆಳಗಿನವರು ಬಂದು ಹಿಂದಿನಿಂದ ಕೈ ಕೊಟ್ಟರು. ಬಸ್ಸು ಒಮ್ಮೆ ನರಳಿ ರಸ್ತೆಗೆ ಬಂತು. ಆದರೆ ಅದರ ಎಂಜಿನ್ನು ಮಾತಾಡಲಿಲ್ಲ.

"ಇನ್ನ ಹಗ್ಗ ಬಿಚ್ಚರಿ, ಸಪಾಟ ರಸ್ತಾದಾಗ ನಾ ಎಳೀತೇನಿ" ಎಂದರು ಗಿರಣಿ ಮಾಲಕರು. ನಾನು ಬಿಚ್ಚಲಿಲ್ಲ.

ಎರಡು ಮೈಲಿ ಹಿಮ್ಮುಖವಾಗಿಯೇ ಎಳೆದೆ. ಡಾಕ್ಟರು ಸುಮ್ಮನಾದ ತಮ್ಮ ಜೀಪನ್ನು ಮರದ ಕೆಳಗೆ ಬಿಟ್ಟು, ನನ್ನ ಜೀಪಿನ ಹಿಂಬದಿಯಲ್ಲಿ ನಿಂತು ಎಡ ಬಲ ಹೇಳುತ್ತಿದ್ದರು. ನನ್ನ ಎದುರಿಗೆ ಬಸ್ಸಿನ ಗಾಜು, ಗಾಜಿನ ಹಿಂದೆ ಅಣ್ಣ. ನಾನು ಅವನನ್ನು ನೋಡುತ್ತ, ಅವನು ನನ್ನನ್ನು ನೋಡುತ್ತ ಊರು ಸೇರಿದೆವು. ಇಷ್ಟು ಹೊತ್ತು ನಾವು ಒಬ್ಬರ ಮುಖ ಒಬ್ಬರು ನೋಡಿದ್ದು ಆಸ್ತಿ ಪಾಲಿನ ಮಾತು ಬಂದ ದಿನವೂ ಇರಲಿಲ್ಲ.

ಪೇಟೆಯ ಮಂದಿ ಅಂಗಡಿ ಬಿಟ್ಟು ಬಂದು ನಿಂತರು. ಉಳಿದ ಎರಡು ಜೀಪು ಮುಂದೆ ಹಾರ್ನು ಊದುತ್ತ ಹೋದವು. "ಜೀಪ್ ಬಸ್ ಎಳಕೊಂಡ ಬಂತು" ಎಂದು ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿ, ಅವ್ವ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅಣ್ಣ ಪಟ್ಟಾ ಹೆಗಲಿಗೆ ಹಾಕಿಕೊಂಡು ಇಳಿದ. ಜೀಪಿನ ಸುತ್ತ ಒಂದು ಸಲ ತಿರುಗಿದ. ಎತ್ತಿನ ಸಂತೆಯಲ್ಲಿ ಮಾಡುವಂತೆ ಅದರ ಬೆನ್ನಿಗೆ ಎರಡು ಸಲ ತಟ್ಟಿದ.

"ಮುಂದಿನ ಗೇರ್ ಹೋಗೇತೇನು?"

"ಒಂದನೇದ್ದು."

"ಲಗೂನ ಹಾಕ್ಸು. ಈ ಪಟ್ಟಾ ಹುಬ್ಬಳ್ಳಿ ಅಂಗಡಿಗೆ ತಿರುಗಿ ಕೊಟ್ಟು ಬರೂದೈತಿ. ಜೀಪಿನ್ಯಾಗ ಹೋಗೂಣು."

"ಬಸ್ಸಿಗೆ ಹೋಗಬಹುದಲ್ಲ ಅಣ್ಣಾ?"

ಅಣ್ಣ ಹಗ್ಗದ ತುದಿಯಲ್ಲಿ ನಿಂತಿದ್ದ ಬಸ್ಸನ್ನು ತಿರುಗಿ ನೋಡಿದ.

"ಆ ದಿನಾನೂ ಸೋಮವಾರ ಬಂದ್ರ, ಬಸ್ಸ ಯಾರು ಎಳೀತಾರ?"