ಹಾಲಸ್ವಾಮಿಯ ಕೈಮೈಕು

ಅಕ್ಕಿ ಗಿರಣಿಯ ಗುಮಾಸ್ತ ಹಾಲಸ್ವಾಮಿಗೆ ದೇವರು ಮೀಸೆ ಕೊಟ್ಟಿದ್ದ, ಜಂಬ ಕೊಟ್ಟಿದ್ದ, ಗಂಟಲು ಮಾತ್ರ ಕೊಟ್ಟಿರಲಿಲ್ಲ. ಅದು ಹೆಂಡತಿ ಕೊಟ್ರಬಸಮ್ಮನ ಪಾಲಾಗಿತ್ತು. ಹೊಸಪೇಟೆಯ ಆ ಗಲ್ಲಿಗೆ ಎಂಟು ದಿನಕ್ಕೊಮ್ಮೆ ನಳದ ನೀರು, ಅದಕ್ಕೂ ಹೊತ್ತು ಗೊತ್ತಿಲ್ಲ. ಮೊದಲು ಬರುವುದು ಮೂಲೆಯ ಇವರ ಮನೆಗೆ. ಆಕೆ ಮಾಳಿಗೆ ಹತ್ತಿ "ನೀರು ಬಂತ್ರೇ" ಎಂದು ಒಮ್ಮೆ ಕೂಗಿದರೆ ಸಾಕು, ನಲವತ್ತು ಮನೆಯ ಕೊಡಗಳು ನಳದ ಕೆಳಗೆ ಕೂರುತ್ತಿದ್ದವು.

ಆ ಭಾನುವಾರ ಗಲ್ಲಿ ಸಂಘದ ಅಧ್ಯಕ್ಷರ ಆಯ್ಕೆ. ಹಾಲಸ್ವಾಮಿಗೆ ಎದುರಾಳಿಯೇ ಇರಲಿಲ್ಲ. ಸುಮ್ಮನೆ ಕೂತಿದ್ದರೂ ಗೆಲ್ಲುತ್ತಿದ್ದ. ಆದರೆ ಸುಮ್ಮನೆ ಕೂರುವ ಬುದ್ಧಿ ಎಲ್ಲಿಂದ ಬರಬೇಕು? ಅಧ್ಯಕ್ಷನ ದನಿ ಹಿಂದಿನ ಸಾಲಿಗೂ ಮುಟ್ಟಬೇಕೆಂದು ಪೇಟೆಗೆ ಹೋಗಿ ಕೆಂಪು ಬಾಯಿಯ ಕೈಮೈಕೊಂದನ್ನು ತಂದ. ಮನೆಯಲ್ಲೇ ಯಾವುದೋ ಗುಂಡಿ ಒತ್ತಿದ. ಅದು ಆಂಬ್ಯುಲೆನ್ಸಿನಂತೆ ಊಳಿಟ್ಟಿತು. ಎದುರುಮನೆ ದುರ್ಗಕ್ಕ ಯಾರು ಹೋದರೆಂದು ಕೇಳಲು ಸೆರಗನ್ನು ಕಣ್ಣಿಗೊತ್ತಿಕೊಂಡೇ ಬಂದಳು.

ಸಭೆಗೆ ಹೊರಡುವಾಗ ಹೆಂಡತಿಗೊಂದು ಕಟ್ಟಪ್ಪಣೆ.

"ಇವತ್ತು ಗಲ್ಲ್ಯಾಗ ನಂದೊಂದೇ ದನಿ ಕೇಳಬೇಕು. ಏನ ಆಗ್ಲಿ, ನೀ ಬಾಯಿ ಬಿಡಬ್ಯಾಡ."

"ಆತ್ರಿ," ಎಂದಳು ಕೊಟ್ರಬಸಮ್ಮ.

ಮನೆಯಲ್ಲುಳಿದ ಕೊಟ್ರಬಸಮ್ಮನೊಬ್ಬಳನ್ನು ಬಿಟ್ಟು ಗುಡಿಯ ಮುಂದೆ ಗಲ್ಲಿಗೆ ಗಲ್ಲಿಯೇ ಸೇರಿತ್ತು. ಹಾಲಸ್ವಾಮಿ ಬೀದಿದೀಪದಿಂದ ಶುರುಮಾಡಿ, ಹಂದಿ ಕಾಟಕ್ಕೆ ಬಂದು, ನೀರಿನ ಸಮಸ್ಯೆಯ ಮೇಲೆ ಎರಡು ತಾಸು ಕೊರೆದ. ಅವನ ದನಿ ಅವನಿಗೇ ಅಷ್ಟು ರುಚಿಸಿಬಿಟ್ಟಿತ್ತು. ನಾನಿರುವ ತನಕ ಈ ಗಲ್ಲಿಗೆ ನೀರು ತಪ್ಪುವುದಿಲ್ಲ ಎಂದು ಗುಡುಗುವಾಗ ದುರ್ಗಕ್ಕನ ಕಣ್ಣು ಚರಂಡಿಯ ಮೇಲೆ ಬಿತ್ತು. ಅದರಲ್ಲಿ ಎಂದೂ ಕಾಣದ ತಿಳಿನೀರು ಹರಿಯುತ್ತಿತ್ತು. ತೆರೆದಿಟ್ಟ ನಳಗಳ ನೀರು! ಎಲ್ಲರೂ ಎದ್ದು ಓಡಿದರು. ಅವರು ಮನೆ ಮುಟ್ಟುವಷ್ಟರಲ್ಲಿ ನಳಗಳು ಕೊನೆಯ ಸಲ ಬುಸ್ಸೆಂದು ಸುಮ್ಮನಾದವು.

ಖಾಲಿ ಕೊಡ ಹಿಡಿದ ಗಲ್ಲಿಯೆಲ್ಲ ಹಾಲಸ್ವಾಮಿಯ ಬಾಗಿಲಿಗೆ ಬಂತು. ಒಳಗೆ ತೊಟ್ಟಿ, ಡ್ರಮ್ಮು, ಹಂಡೆ ಎಲ್ಲ ತುಂಬಿ ತುಳುಕುತ್ತಿದ್ದವು.

"ಯಾಕ ಕೂಗ್ಲಿಲ್ಲ?" ಹಲ್ಲು ಕಡಿದ ಗಂಡ.

"ನೀವೇ ಬಾಯಿ ಬಿಡಬ್ಯಾಡ ಅಂದಿದ್ರಲ್ರಿ."

ದುರ್ಗಕ್ಕ ಗಲ್ಲಿಯ ಕಡೆ ತಿರುಗಿದಳು. "ನಮಗ ಅಧ್ಯಕ್ಷೆ ಆಗಾಕ ಕೊಟ್ರಬಸಮ್ಮನೇ ಸಾಕು. ಕೈ ಎತ್ತ್ರಿ." ಎಲ್ಲರ ಕೈಗಳೂ ಮೇಲೆದ್ದವು. ಆಯ್ಕೆ ಹೊಸ್ತಿಲಲ್ಲೇ ಮುಗಿಯಿತು.

ಹೊಸ ಅಧ್ಯಕ್ಷೆ ತಮ್ಮ ಮನೆಯ ನೀರನ್ನು ಮನೆಮನೆಗೂ ಹಂಚಬೇಕೆಂದು ಮೊದಲ ಹುಕುಂ ಹೊರಡಿಸಿದಳು. ಸಾಲು ನಿಲ್ಲಿಸುವ ಕೆಲಸ ಗಂಡನದು. ಹಾಲಸ್ವಾಮಿ ಕೈಮೈಕಿನಲ್ಲಿ ನಲವತ್ತು ಮನೆಯ ಹೆಸರು ಕೂಗಿದ. ಕೊನೆಯ ಕೊಡ ಹೋದಾಗ ಅವನ ಗಂಟಲು ಒಣಗಿತ್ತು; ಒಂದು ಲೋಟ ನೀರು ಬೇಡಿದ. ತೊಟ್ಟಿಯ ತಳ ಕಾಣುತ್ತಿತ್ತು.

"ಎಂಟು ದಿನ ತಡೀರಿ," ಎಂದಳು ಅಧ್ಯಕ್ಷೆ. "ಬಂದಾಗ ಕೂಗ್ತೀನಿ."