ಚೌಕಟ್ಟಿಗೆ ಕೊಟ್ಟ ಬನ್ನಿ

ಶಾಂತಿಗೂ ನಮ್ಮ ಅತ್ತೆಗೂ ಪರಿಚಯವೇ ಇಲ್ಲ! ಎದುರಿಗೆ ಬಂದು ನಿಂತರೂ, 'ಯಾರ ಪೈಕಿ ನೀ?' ಎಂದು ಕೇಳಿ ಕಳಿಸಿಯಾರು.

ಆ ದಸರೆಯ ಬೆಳಿಗ್ಗೆಯೂ ಎಂದಿನಂತೆಯೇ ಹುಟ್ಟಿತು. ನಾನು ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಬಿಡಿಸುತ್ತಿದ್ದೆ. ಹಬ್ಬವೆಂದು ಇಳಕಲ್ಲಿನ ನಮ್ಮ ಓಣಿಯ ಮಗ್ಗಗಳೆಲ್ಲ ಮಲಗಿದ್ದವು. ಬಿಸಿಲು ಅರಿಶಿನ ಕಲಸಿದ ನೀರಿನ ಹಾಗೆ ಮೆಲ್ಲಗೆ ಕಟ್ಟೆಯ ಮೇಲೆ ಹರಿಯುತ್ತಿತ್ತು. ಅಷ್ಟರಲ್ಲಿ ಅತ್ತೆಯ ದನಿ!

"ನಿನ್ನ ಎಮ್ಮಿ ಬಾವ್ಯಾಗ ಬಿದ್ದಿತ್ತೇನೋ?"

"ಇಲ್ಲ ಯವ್ವಾ, ಹಾಲ ನಿನ್ನ ಬೈಗಳಕ್ಕ ಅಂಜಿ ನೀರಾಗೈತಿ," ಎಂದ ಹಾಲಿನವನು. ಅತ್ತೆ ನಕ್ಕು ಅವನ ಕೈಗೆ ಬಿಸಿ ಹೋಳಿಗೆ ಇಟ್ಟರು.

ಕಾನ್ವೆಂಟಿನಲ್ಲಿ ಓದಿದ ನನಗೆ ಶಾಂತಿ ಎಂದರೆ ತುಟಿಯ ಮೇಲೆ ಬೆರಳು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಬೆರಳನ್ನು ಕಿವಿಗೆ ವರ್ಗಾಯಿಸಿಕೊಂಡೆ!

ಎಂಟನೆಯ ತರಗತಿಯ ಮಗಳಿಗೆ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ: 'ನಾನು ಕಂಡ ಶಾಂತಿ'. ರಜೆ ಮುಗಿದೊಡನೆ ಕೊಡಬೇಕು. ಪಾರಿವಾಳದಿಂದ ಆರಂಭಿಸಿ ಅತ್ತೆಗೆ ಓದಿ ಹೇಳಿದಳು.

"ಪಾರಿವಾಳಾ? ಮಾಳಗಿ ಮ್ಯಾಲ ಕುಂತು ನನ್ನ ಸಂಡಿಗಿ ಒಂದೂ ಉಳಿಸಿಲ್ಲ ಅವು! ಗೀಟ ಹೊಡಿ ಅದಕ್ಕ!"

"ಹಂಗಾರ ಎದರಮನಿ ಕಾಕು ಜೋಡಿ ಮಾತಾಡು ಆಯಿ. ಅದನ್ನ ಬರೀತೇನಿ."

 ಕಾಕು ಅತ್ತೆಯ ಜೀವದ ಗೆಳತಿ. ಎಂದೋ ನಮ್ಮ ಮನೆಯ ಒಂದು ಊಟದಲ್ಲಿ ಅತ್ತೆಗೆ, 'ನಿನ್ನ ರೊಟ್ಟಿ ದಪ್ಪ ಆಗ್ಯಾವ' ಎಂದುಬಿಟ್ಟರು. ಅಂದಿನಿಂದ ಮಾತಿಲ್ಲ! ಆದರೆ ಪ್ರತಿ ದಸರೆಯ ಸಂಜೆ ಬನ್ನಿ ಎಲೆ ಕೊಡುವಾಗ ಯಾರನ್ನೂ ಬಿಡುವಂತಿಲ್ಲವಲ್ಲ? ಅತ್ತೆ ಕಾಕುವಿನ ಬಾಗಿಲಿಗೆ ಹೋಗಿ, ಚೌಕಟ್ಟಿನ ಕಡೆ ನೋಡುತ್ತ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದು ಎಲೆಯನ್ನು ಹೊಸ್ತಿಲ ಮೇಲೆ ಇಟ್ಟು ಬರುವರು. ಬಾಗಿಲಲ್ಲೇ ನಿಂತ ಕಾಕು ಅದೇ ಮಾತನ್ನು ಅತ್ತೆಯ ಚಪ್ಪಲಿಗೆ ಹೇಳುವರು. ಇಷ್ಟು ವರ್ಷಕ್ಕೆ ಆ ಚೌಕಟ್ಟು ಬಂಗಾರವೇ ಆಗಬೇಕಿತ್ತು!

"ನಿನ್ನ ಬಹುಮಾನದ ಸಲುವಾಗಿ ನಾ ಆಕಿ ಮುಂದ ಬಾಗಲೇನು?"

"ಬಹುಮಾನ ಬ್ಯಾಡ ಆಯಿ. ಬರಿಯಾಕ ಖರೇನ ಕಂಡದ್ದೊಂದು ಬೇಕಲ್ಲ," ಎಂದಳು ಮಗಳು, ಹಾಳೆ ಮಡಚುತ್ತ.

ಸಂಜೆ ಓಣಿಯೆಲ್ಲ ಎಲೆಯ ಹಸಿರು ವಾಸನೆ. ಅತ್ತೆ ಎದುರು ಮನೆಗೆ ಹೋದರು. ಚೌಕಟ್ಟು ಒಂದೇ ನಿಂತಿತ್ತು. ಕಾಕು ಮೊಣಕಾಲು ನೋವೆಂದು ಒಳಗೆ ಮಲಗಿದ್ದರಂತೆ. ಅತ್ತೆ ಚೌಕಟ್ಟನ್ನು ನೋಡಿದರು, ಕೈಯಲ್ಲಿದ್ದ ಎಲೆ ನೋಡಿದರು.

"ಯಾಕಬೇ, ಎದ್ದ ಬರಾಕ ಆಗೂದಿಲ್ಲೇನ?"

ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟರು! ನಾನೂ ಮಗಳೂ ನಮ್ಮ ಕಟ್ಟೆಯ ಮೇಲೆ ಉಸಿರು ಹಿಡಿದು ಕುಳಿತೆವು. ಒಳಗಿನಿಂದ ಸದ್ದೇ ಇಲ್ಲ. ತುಟಿಯ ಮೇಲಿನ ಆ ಬೆರಳಿಗೆ ನಾನು ಮೊದಲ ಸಲ ಹೆದರಿದೆ.

ಆಮೇಲೆ ಕೇಳಿಸಿತು.

"ದಪ್ಪ ಅಂದ್ಯಲ್ಲ, ಆವತ್ತ ಮೂರ ತಿಂದಿದ್ದಿ!"

"ಹಸಿವಾಗಿತ್ತ, ತಿಂದೆ! ದಪ್ಪ ಅಂದ್ರ ದಪ್ಪನ!"

ಮಗಳು ಮಡಚಿದ ಹಾಳೆಯನ್ನು ಮೆಲ್ಲಗೆ ಬಿಚ್ಚಿದಳು. ಬನ್ನಿ ಕೊಡಲು ಬಂದ ಪಕ್ಕದ ಮನೆಯಾಕೆ ಎಲೆಯನ್ನು ನನ್ನ ಅಂಗೈಗಿಟ್ಟು, ಆ ಕಡೆ ಒಮ್ಮೆ ಕಿವಿಗೊಟ್ಟು ಹೇಳಿದಳು:

"ಜಗಳಾ ಸುರು ಆತೇನ್ರಿ? ಹಂಗಾರ ನಿಮ್ಮತ್ತಿ ಊಟಾ ಇವತ್ತ ಅಲ್ಲೇ ಬಿಡ್ರಿ."