ಫಿರಂಗಿಯವರ ಮೂಲ ಹುಡುಕಿದ್ದು

ನಮ್ಮ ಅಡ್ಡಹೆಸರು ಫಿರಂಗಿ. ಇದನ್ನು ಕೇಳಿ ಸುಮ್ಮನೆ ಮುಂದೆ ಹೋದವರನ್ನು ನಾನಿನ್ನೂ ಕಂಡಿಲ್ಲ. ಒಬ್ಬರು ಮೈಬಣ್ಣ ನೋಡುತ್ತಾರೆ, ಇನ್ನೊಬ್ಬರು ಕಣ್ಣಿನೊಳಗೆ ಇಣುಕುತ್ತಾರೆ, ಮತ್ತೊಬ್ಬರು "ನಿಮ್ಮ ಮೂಲ ಯಾವುದ್ರಿ?" ಎಂದು ಕಟ್ಟೆಯ ಮೇಲೆ ಕೂತೇ ಬಿಡುತ್ತಾರೆ. ನಮಗೆ ಗೊತ್ತಿದ್ದದ್ದು ಇಷ್ಟೇ: ನಮ್ಮ ಮುತ್ತಜ್ಜನ ಅಜ್ಜ ಸಮುದ್ರ ದಾಟಿ ಬಂದ ಬಿಳಿಯ. ಯಾವುದೋ ಸರದಾರನ ಬಂದೂಕು ರಿಪೇರಿ ಮಾಡುತ್ತಿದ್ದವನು ಈ ಸೀಮೆಯವಳನ್ನೇ ಕಟ್ಟಿಕೊಂಡು ನಮ್ಮೂರು ಬಾಲಗಾಂವದಲ್ಲಿ ಉಳಿದ. ಮೊಮ್ಮಕ್ಕಳ ಕಾಲಕ್ಕೆ ಕೊರಳಿಗೆ ಲಿಂಗ ಬಂತು, ಹೊಲ ಬಂತು, ಅವನ ಭಾಷೆ ಪೂರ್ತಿ ಹೋಯಿತು. ಉಳಿದದ್ದು ಬೆಕ್ಕಿನ ಕಣ್ಣು ಮತ್ತು ಈ ಅಡ್ಡಹೆಸರು.

ದಾರಿಬುತ್ತಿ

ಸ್ವಾತಂತ್ರ್ಯ ಬಂದ ವಾರ. ಬಿಳಿಯರೆಲ್ಲ ಗಂಟು ಕಟ್ಟುತ್ತಿದ್ದಾರೆಂಬ ಸುದ್ದಿ ನಮ್ಮೂರಿಗೂ ಮುಟ್ಟಿತ್ತು. ಬೆಳಿಗ್ಗೆ ಪಕ್ಕದ ಮನೆಯ ಪಿಂಜಾರ ಕಾಕಾ ಒಂದು ಬುತ್ತಿಗಂಟು ಹಿಡಿದು ಬಂದ. ಒಳಗೆ ಹತ್ತು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು.

"ದೂರದ ದಾರಿ. ಹಡಗಿನಾಗ ಊಟ ಸೇರತೈತೋ ಇಲ್ಲೋ," ಎಂದ.

ಎಮ್ಮೆ ಹಿಂಡುತ್ತಿದ್ದ ಅಪ್ಪ ಚರಿಗೆ ಕೆಳಗಿಟ್ಟು, "ಎಲ್ಲಿಗಿ ಹೋಗೂದು ಕಾಕಾ?" ಎಂದು ಕೇಳಿದ.

"ನಿಮ್ಮ ಮಂದಿ ಎಲ್ಲಾ ಹೊಂಟಾರಲ್ಲಪಾ. ಹೋಗೂ ಮುಂದ ಈ ಎಮ್ಮಿ ಬ್ಯಾರೇದವರಿಗೆ ಕೊಡಬ್ಯಾಡ. ನನಗ ಕೊಡು, ಚಲೋ ನೋಡಕೋತೀನಿ."

ಅಪ್ಪನಿಗೆ ಸಿಟ್ಟು ಬರುತ್ತಿತ್ತೋ ಏನೋ, ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಗಂಟು ಇಸಿದುಕೊಂಡಳು. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. "ಇವು ತೀರೂ ತನಕ ಹೋಗೂದಿಲ್ಲ ಬಿಡು. ತೀರೂದ್ರಾಗ ಇನ್ನ ಹತ್ತು ಕಳಿಸಿದಿ ಅಂದ್ರ ಹೋಗೂ ಮಾತೇ ಇಲ್ಲ!"

ಯುರೋಪ ಯಾವ ತಾಲೂಕು?

ನಮ್ಮ ಜತ್ತ ಸಂಸ್ಥಾನ ವಿಲೀನವಾದ ಮೇಲೆ ನನ್ನಂಥ ಸಾಲಿ ಮಾಸ್ತರರೆಲ್ಲ ಹೊಸದಾಗಿ ಫಾರ್ಮು ತುಂಬಬೇಕಾಯಿತು. 'ಮೂಲ ಗ್ರಾಮ' ಎಂಬಲ್ಲಿ ನಾನು ಸತ್ಯವಂತನಾಗಿ 'ಯುರೋಪ' ಎಂದು ಬರೆದೆ. ಅದನ್ನು ನೋಡಿದ ಕಾರಕೂನರು ಕನ್ನಡಕ ಮೇಲೇರಿಸಿದರು.

"ಇದು ಯಾವ ತಾಲೂಕಿನಾಗ ಬರತೈತ್ರಿ ಮಾಸ್ತರ?"

"ಅದಕ್ಕ ತಾಲೂಕ ಇಲ್ರಿ. ಅದು ಖಂಡ."

"ಖಂಡ ಇರಲಿ, ಏನರೆ ಇರಲಿ. ತಾಲೂಕಿನ ಜಾಗಾ ಖಾಲಿ ಬಿಟ್ಟರ ಕಾಗದ ಮ್ಯಾಲಿಂದ ವಾಪಸ್ ಬರತೈತಿ. ನೀವು ಪಗಾರ ಎಲ್ಲಿ ತಗೋತೀರಿ?"

"ಜತ್ತಿನಾಗರಿ."

ಅವರು ಸಮಾಧಾನದಿಂದ ಟಾಕು ಮಸಿಯಲ್ಲಿ ಅದ್ದಿ 'ಯುರೋಪ, ತಾಲೂಕು ಜತ್ತ' ಎಂದು ಬರೆದು ಮುಗಿಸಿದರು. ಮೇಲಿನವರು ಯಾರೂ ತಕರಾರು ಮಾಡಲಿಲ್ಲ.

ಪೆಟ್ಟಿಗೆಯ ಪೂಜೆ

ಅಲ್ಲಿಯವರೆಗೆ ನಾನೂ ನಗುತ್ತಿದ್ದೆ. ಅಸಂಗಿಯ ಎಣ್ಣೆ ವ್ಯಾಪಾರಿಯ ಮಗಳನ್ನು ನೋಡಿ ಬಂದ ಮೇಲೆ ನಗು ನಿಂತಿತು. ಚಹಾ ಕೊಡುವಾಗ ಆಕೆ ನನ್ನ ಕಣ್ಣನ್ನೇ ನೋಡಿ, "ಕತ್ತಲದಾಗೂ ಚಲೋ ಕಾಣಸ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದ್ದಳು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲೇ ನಿಶ್ಚಯ ಮಾಡಿಕೊಂಡೆ. ಆದರೆ ಆಕೆಯ ಅಪ್ಪ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಹೇಳಿದರು:

"ಹುಡುಗ ಚಲೋ ಅದಾನ, ನೌಕರಿನೂ ಐತಿ. ಆದರ ಮೂಲ ಗೊತ್ತಿಲ್ಲದ ಮನಿಗಿ ಹೆಣ್ಣು ಹೆಂಗ ಕೊಡೂದ್ರಿ? ನಾಗರಪಂಚಮಿಯೊಳಗ ಹುಡಕಿ ಹೇಳ್ರಿ. ಇಲ್ಲಂದ್ರ ನಾವು ಬ್ಯಾರೆ ಕಡೆ ನೋಡತೇವಿ."

ಅಪ್ಪ ಎದೆಗುಂದಲಿಲ್ಲ. ಆ ಬಿಳಿಯ ಹಿರಿಯನ ಕಬ್ಬಿಣದ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ಮುಚ್ಚಳದ ಮೇಲೆ ನಮಗಾರಿಗೂ ಓದಲು ಬಾರದ ಉಬ್ಬು ಅಕ್ಷರಗಳು. ಅದು ಹಿರಿಯನ ಹೆಸರು, ಊರು ಎಂದು ನಮ್ಮ ನಂಬಿಕೆ. ಆಯುಧ ಪೂಜೆಯ ಖಂಡೇನವಮಿಗೆ ಅದಕ್ಕೆ ಮೊದಲು ನೀರು, ಆಮೇಲೆ ಹಾಲು ಹೊಯ್ದು, ಕುಂಕುಮ ಹಚ್ಚಿ ಎಲ್ಲರೂ ಅಡ್ಡ ಬೀಳುತ್ತಿದ್ದೆವು. ಅದನ್ನು ಬಂಡಿಯಲ್ಲಿ ಹೇರಿಕೊಂಡು ಕನ್ನಡ ಬಲ್ಲ ಒಬ್ಬ ಮುದಿ ಬಿಳಿಯ ಪಾದ್ರಿಯ ಬಳಿ ಹೋದೆವು. ಅವರು ಅರ್ಧ ತಾಸು ಕುಂಕುಮ ಕೆರೆದು, ಓದಿ, ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು.

"ಹೆಸರಲ್ಲ ಇದು. ಬಂದೂಕಿನ ಮದ್ದಿನ ಪೆಟ್ಟಿಗೆ. 'ನೀರು ತಾಗಿಸಬೇಡಿ' ಎಂದು ಬರೆದಿದೆ."

ದಾರಿಯುದ್ದಕ್ಕೂ ಅಪ್ಪ ಧೋತರದ ಚುಂಗಿನಿಂದ ಪೆಟ್ಟಿಗೆ ಒರೆಸುತ್ತ ಬಂದ. ಊರ ಹತ್ತಿರ ಬಂದಾಗ ಕೆಮ್ಮಿ ಹೇಳಿದ: "ಈ ವರ್ಷದಿಂದ ಒಣಾ ಪೂಜಿ ಮಾಡೂಣು."

ಹೆಳವ ಓದಿದ್ದು

ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಪಂಚಮಿಗೆ ಎರಡೇ ದಿನ ಉಳಿದಿದ್ದವು. ವ್ಯಾಪಾರಿಯವರು ತಮ್ಮ ಮನೆತನದ ಹೆಳವನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಹೆಳವರೆಂದರೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆತನದ ತಲೆಮಾರುಗಳನ್ನೆಲ್ಲ ಒಪ್ಪಿಸುವವರು. ನಮಗೆ ಹೆಳವನೇ ಇರಲಿಲ್ಲ.

"ಮೂಲ ಅಂದ್ರ ಹೆಂಗಿರಬೇಕು, ನಮ್ಮದು ಕೇಳ್ರಿ ಮೊದಲ," ಎಂದು ವ್ಯಾಪಾರಿ ಮೀಸೆ ತಿರುವಿದರು. ಇಲ್ಲ ಎನ್ನಲಿಕ್ಕೇ ಬಂದಿದ್ದಾರೆಂದು ನನಗೆ ಗೊತ್ತಾಯಿತು.

ಹೆಳವ ಹಳೆಯ ಹೊತ್ತಿಗೆ ಬಿಚ್ಚಿ ರಾಗವಾಗಿ ಓದತೊಡಗಿದ. ಯಾವ ಊರಿನಿಂದ ಬಂದರು, ಮನೆದೇವರು ಯಾರು, ಯಾರ ಮಗ ಯಾರು ಎಲ್ಲವೂ ಬಂತು. "ಇವರಿಗೆ ಮೂರು ಗಂಡು, ಒಂದು ಹೆಣ್ಣು. ಹೆಣ್ಣಿನ ಹೆಸರು ಗಂಗವ್ವ. ಗಂಗವ್ವ..." ಎಂದವನು ತಟ್ಟನೆ ನಿಂತ.

"ಓದೋ! ಯಾಕ ನಿಂತಿ?"

"ಇದನ್ನ ಓದಬ್ಯಾಡ ಅಂತ ಹಿರಿಯರು ಹೇಳ್ಯಾರ್ರಿ, ಧಣಿ."

"ನಮ್ಮ ಮನಿತನದಾಗ ಮುಚ್ಚಿ ಇಡೂವಂಥಾದ್ದೇನೈತಿ? ಓದು."

"ಗಂಗವ್ವ ಬಾಲಗಾಂವದ ಬಂದೂಕಿನ ಫಿರಂಗಿ ಸಂಗಾಟ ಹೋದಳು. ಅವತ್ತಿನಿಂದ ಆಕಿಗಿ ತವರಮನಿ ಬಾಗಲಾ ಮುಚ್ಚಿತು."

ವ್ಯಾಪಾರಿಯ ಕೈ ಮೀಸೆಯ ಮೇಲೆಯೇ ಉಳಿಯಿತು. ಬಾಗಿಲ ಮರೆಯಲ್ಲಿದ್ದ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ನೇರ ಅವರ ಎದುರಿಗೇ ಬಂದು ನಿಂತಳು.

"ಈಗ ದಾರಿ ಸಿಕ್ಕಿತೇನೋ ತಮ್ಮಾ? ನಮ್ಮತ್ತಿಯ ಅತ್ತಿಯ ಅತ್ತಿ ಆಕಿ. ಪ್ರತಿ ಪಂಚಮಿಗಿ ಹೊಸ್ತಿಲದಾಗ ಕುಂತು ತವರಿನ ಬಂಡಿ ಹಾದಿ ಕಾಯತಿದ್ದಳಂತ. ಸಾಯೂತನಕ ಒಬ್ಬರೂ ಬರಲಿಲ್ಲ."

ಅಜ್ಜಿ ಗಳಗಳನೆ ಅತ್ತಳು. ಈ ಮಾತು ಸೊಸೆಯಿಂದ ಸೊಸೆಗೆ ದಾಟಿ ಬಂದಿತ್ತು. ನಾವು ಕಚೇರಿ, ಪಾದ್ರಿ ಎಂದು ಊರೆಲ್ಲ ತಿರುಗಿದ್ದೆವು, ಮನೆಯ ಹೆಂಗಸರನ್ನು ಒಂದು ಮಾತು ಕೇಳಿರಲಿಲ್ಲ.

"ತಪ್ಪಾತಬೇ ಯವ್ವಾ," ಎಂದು ವ್ಯಾಪಾರಿ ಕೈಮುಗಿದರು.

"ತಪ್ಪಾತ ಅಂದ್ರ ಮುಗೀತೇನು? ಪಂಚಮಿ ಬಂದೈತಿ. ಕರಕೊಂಡು ನಡಿ." ಆಕೆಯ ಸೀರೆಗಂಟು ಆಗಲೇ ಕಂಕುಳಲ್ಲಿತ್ತು. ಗಂಗವ್ವನ ಪರವಾಗಿ ಎಪ್ಪತ್ತು ದಾಟಿದ ನಮ್ಮಜ್ಜಿ ವ್ಯಾಪಾರಿಯ ಬಂಡಿ ಏರಿ ಕೂತಳು.

ವ್ಯಾಪಾರಿ ಅಳುಕುತ್ತ, "ಹಂಗಾದ್ರ ನಮ್ಮ ಹುಡುಗೀ ಮಾತು..." ಎಂದರು.

"ಅದನ್ನ ಆಮ್ಯಾಲ ನೋಡೂಣು. ಹೆಣ್ಮಗಳನ್ನ ಕೈಬಿಟ್ಟ ಮನಿ ನಿಮ್ಮದು. ಅಂಥಾ ಮನೀ ಹೆಣ್ಣು ತರೂದೋ ಬ್ಯಾಡೋ, ಮೊದಲ ನಾ ನೋಡಿ ಬರತೀನಿ."

ಹನ್ನೊಂದು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಅಜ್ಜಿ ಅಲ್ಲಿ ದಿನಾ ಜೋಕಾಲಿ ಆಡಿ, ಹೊಸ ಸೀರೆ ಉಟ್ಟು, ಎರಡು ಡಬ್ಬಿ ಉಂಡಿ ಹೊತ್ತು ಬಂದಳು. ಕೈಕಾಲಿಗೆ ನೀರು ಕೊಡುವ ಮೊದಲೇ ನಾನು "ಏನಾತಬೇ?" ಎಂದೆ.

"ಹುಡುಗಿ ಭಾಳ ಚಲೋ ಅದಾಳ," ಎಂದಳು ಅಜ್ಜಿ. "ಅವರ ಮೂಲ ಅಷ್ಟಕ್ಕಷ್ಟ. ಇರಲಿ, ನಾವು ದೊಡ್ಡ ಮನಸ್ಸು ಮಾಡಿ ತರೂಣು."